ಕನಕರಾಯ ಮಾಸ್ತರರ ದಂಡಯಾತ್ರೆ

ಕನಕರಾಯ ಮಾಸ್ತರರಿಗೆ ಸುಮ್ಮನೆ ಒಂದು ಕಡೆ ಹೋಗಿ ಬರುವ ವಿದ್ಯೆ ಒಲಿದಿರಲಿಲ್ಲ. ರಾಯಚೂರಿನ ತಮ್ಮ ಬಾಡಿಗೆ ಮನೆಯಿಂದ ಕಾಯಿಪಲ್ಲೆಯ ಬಜಾರಕ್ಕೆ ಹೊರಟರೂ ಅವರು ಹೊಸ್ತಿಲ ಮೇಲೆ ನಿಂತು ಆಕಾಶವನ್ನೊಮ್ಮೆ, ಕೈಗಡಿಯಾರವನ್ನೊಮ್ಮೆ ಅವಲೋಕಿಸಿ, "ಪಾಯಿಂಟ್ ನಂಬರ್ ಒಂದು, ಬದನಿಕಾಯಿ" ಎಂದು ಘೋಷಿಸಿದ ಮೇಲೆಯೇ ಬಲಗಾಲನ್ನು ಬೀದಿಗಿಡುತ್ತಿದ್ದರು. ನಡೆಯುವಾಗ ದೇಹವು ಎದುರುಗಾಳಿಗೆ ಒಡ್ಡಿಕೊಂಡಂತೆ ಮುಂದಕ್ಕೆ ಬಾಗಿರುತ್ತಿತ್ತು. ಮೂಗು ಮೊದಲು ಹೋಗಿ ಸ್ಥಳಪರಿಶೀಲನೆ ನಡೆಸಿ, ಅದರ ಅಪ್ಪಣೆ ದೊರೆತ ಬಳಿಕ ಕಾಲುಗಳು ಹಿಂಬಾಲಿಸುತ್ತಿವೆಯೇನೋ ಎಂಬ ಗತ್ತು. ತುಟಿಗಳು ಒಳಗೊಳಗೇ ಹೆಜ್ಜೆ ಎಣಿಸುತ್ತಿದ್ದವು. ನೂರು ಹೆಜ್ಜೆಗೊಂದರಂತೆ ಹುಣಸೆಬೀಜವೊಂದು ಬಲಗಿಸೆಯಿಂದ ಎಡಗಿಸೆಗೆ ವರ್ಗವಾಗುತ್ತಿತ್ತು. ಎಣಿಕೆಯ ನಡುವೆ ಯಾರಾದರೂ "ನಮಸ್ಕಾರ್ರೀ ಮಾಸ್ತರ್" ಅಂದರೆ ನೂರು ಮುಗಿಯುವ ತನಕ ಉತ್ತರವಿಲ್ಲ. ಮುಗಿದ ಮೇಲೆ ಅವರು ನಿಂತು, ಹಿಂತಿರುಗಿ, ಅಷ್ಟರಲ್ಲಿ ಯಾರೂ ಇಲ್ಲದ ಬೀದಿಗೆ ಸವಿನಯವಾಗಿ ಕೈಮುಗಿಯುತ್ತಿದ್ದರು.

ಇನ್ನು ಆ ಖಾಕಿ ಕೋಟು. ಅದಕ್ಕೆ ಏಳು ಕಿಸೆಗಳಿದ್ದವು. ಎಂಟನೆಯದನ್ನು ಅವರು ಬಯಸಿದಾಗ ದರ್ಜಿ ಮೌಲಾಹುಸೇನ, "ಮಾಸ್ತರ್, ಇನ್ನೊಂದು ಹಚ್ಚಿದ್ರ ಕೋಟ ಉಳಿಯಂಗಿಲ್ರೀ, ಬರೇ ಕಿಸೇನ ಆಗ್ತಾವ" ಎಂದು ಕೈಮುಗಿದನಂತೆ. ಸೀಟಿಗೊಂದು, ದಿಕ್ಸೂಚಿಗೊಂದು, ಹುರಿಹಗ್ಗಕ್ಕೊಂದು, ಹುಣಸೆಬೀಜಕ್ಕೆ ಹೋಗಲಿಕ್ಕೊಂದು ಬರಲಿಕ್ಕೊಂದು, ಪೆನ್ಸಿಲ್ಲಿಗೊಂದು. ಏಳನೆಯದನ್ನು ಮಾತ್ರ ಅವರು ಬರಿದಾಗಿಟ್ಟಿದ್ದರು. ಅದು ಅನಿರೀಕ್ಷಿತಕ್ಕಾಗಿ ಕಾದಿರಿಸಿದ್ದು ಎಂದು ಹೇಳುತ್ತಿದ್ದರು.

ಒಮ್ಮೆ ನಮ್ಮ ಶಾಲೆಯ ನಾಲ್ಕೈದು ಮಂದಿಯನ್ನು ದೇವಸುಗೂರಿನ ದರ್ಶನಕ್ಕೆಂದು ಹೊರಡಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹನ್ನೊಂದು ಅಂಶಗಳ ಕಾರ್ಯಕ್ರಮವನ್ನು ಓದತೊಡಗಿದರು. ಎಂಟನೆಯ ಅಂಶ, ಅಂದರೆ ಕಿಟಕಿಯ ಪಕ್ಕದಲ್ಲಿ ಯಾರು ಕೂಡತಕ್ಕದ್ದು ಎಂಬುದನ್ನು ಓದುತ್ತಿರುವಾಗ ಬಸ್ಸು ಅವರ ಬೆನ್ನ ಹಿಂದಿನಿಂದಲೇ ಹೊರಟುಹೋಯಿತು. ನೋಡಿದವರು ಯಾರೂ ಕೂಗಲಿಲ್ಲ. ಓದುವಾಗ ನಡುವೆ ಬಾಯಿ ಹಾಕಕೂಡದೆಂದು ಆರನೆಯ ಅಂಶವು ವಿಧಿಸಿತ್ತು.

ಇಂಥ ಭೂಗೋಳದ ಮಾಸ್ತರರು ಎಪ್ಪತ್ತೊಂಬತ್ತರ ದಸರೆಯ ರಜೆಗೆ ತಿಂಗಳಿರುವಾಗ ತಮ್ಮ ತಂದೆಯ ಮಾತನ್ನೇ ಪಣಕ್ಕಿಟ್ಟರು. ತಂದೆ ಮಾಳಿಂಗಪ್ಪ ದೇವದುರ್ಗ ಸೀಮೆಯ ಅಂಚಿನ ಹುಣಸಿದೊಡ್ಡಿಯಲ್ಲಿ ಕುರಿ ಕಾಯ್ದು, ಕುರಿ ಕಾಯುತ್ತಲೇ ಮುದುಕನಾಗಿ, ಎರಡು ವರ್ಷದ ಹಿಂದೆ ತೀರಿಕೊಂಡಿದ್ದವನು. ಮೋಟಾರು ರಸ್ತೆ ಬರುವ ಮೊದಲು ಅವನು ಮುಂಜಾನೆ ದೊಡ್ಡಿ ಬಿಟ್ಟು, ಎಮ್ಮಿಗುಡ್ಡದ ಮೇಲಿನಿಂದ ಟಗರುಗಳನ್ನು ಹೊಡೆದುಕೊಂಡು, ಮಾನ್ವಿ ತಾಲ್ಲೂಕಿನ ಸಿರವಾರದ ಸಂತೆಯನ್ನು ಹೊತ್ತು ಮುಳುಗುವುದರೊಳಗೆ ಮುಟ್ಟುತ್ತಿದ್ದನೆಂಬುದು ಮಗ ಬಾಲ್ಯದಿಂದ ಕೇಳಿಕೊಂಡು ಬಂದ ಮಾತು. ಅದನ್ನು ಅವರು ಶಿಕ್ಷಕರ ಕೋಣೆಯಲ್ಲಿ ನೂರನೆಯ ಸಲ ಹೇಳಿದ ದಿನ, ಸಿರವಾರದಲ್ಲೇ ಹುಟ್ಟಿದ ಡ್ರಿಲ್ ಮಾಸ್ತರ ಸುಂಕಪ್ಪ ಚಹದ ಬಟ್ಟಲು ಕೆಳಗಿಟ್ಟ.

"ಮಾಸ್ತರ್, ನಾ ಆ ಗುಡ್ಡದ ಬುಡಕ ಬೆಳದಂವ. ಅಲ್ಲಿ ಕಳ್ಳಿ ಅದ, ಕಲ್ಲದ, ಚೇಳದ. ಹಾದಿ ಮಾತ್ರ ಇಲ್ಲ. ನಿಮ್ಮಪ್ಪಾರು ಕುರಿ ಮುಂದ ಕುಂತು ಬ್ಯಾಸರಕ್ಕ ಒಂದು ಕತಿ ಕಟ್ಯಾರ, ನೀವು ಅದಕ್ಕ ಭೂಗೋಳ ಅಂತೀರಿ."

ಕೋಣೆ ನಕ್ಕಿತು. ಕನಕರಾಯರು ನಗಲಿಲ್ಲ. ಪಾಯಿಂಟ್ ನಂಬರ್ ಹಚ್ಚದೆ ಅವರು ಮಾತಾಡಿದ್ದು ನಮಗೆ ತಿಳಿದಂತೆ ಅದೇ ಮೊದಲು. "ನಮ್ಮಪ್ಪಗ ಅಕ್ಷರ ಬರ್ತಿರಲಿಲ್ಲ, ಸುಂಕಪ್ಪ. ಸುಳ್ಳೂ ಬರ್ತಿರಲಿಲ್ಲ. ರಜಾದಾಗ ನಾನ ನಡದು ತೋರಸ್ತೀನಿ. ಹೊತ್ತು ಇರೂದ್ರಾಗ ಸಿರವಾರ ಮುಟ್ಟಲಿಲ್ಲಂದ್ರ, ಇದ ಮೇಜಿನ ಮುಂದ ನಿಂತು ನಮ್ಮಪ್ಪ ಸುಳ್ಳ ಹೇಳಿದ್ದ ಅಂತ ನನ್ನ ಬಾಯಿಲೆ ಹೇಳ್ತೀನಿ."

ಆಡಿದ ಮೇಲೆ ಅವರಿಗೆ ಎದೆಯಲ್ಲಿ ಸಣ್ಣದೊಂದು ಕಲ್ಲು ಬಿದ್ದಂತಾಯಿತು. ಆ ಕಲ್ಲನ್ನು ಮರೆಯಲು ಅವರಿಗೆ ಗೊತ್ತಿದ್ದ ಉಪಾಯ ಒಂದೇ. ಯೋಜನೆ ಬರೆಯಲು ಕೂತರು.

ಉರ್ದು ಕಲಿಸುವ ಅಬ್ದುಲ್ ವಹೀದ್ ಮಾಸ್ತರರ ಮನೆಯ ಪೆಟ್ಟಿಗೆಯಿಂದ ನಿಜಾಮರ ಕಾಲದ ನಕ್ಷೆಯೊಂದು ಹೊರಬಂತು. ವಹೀದರು ಹೆಸರುಗಳನ್ನು ಓದುವುದು, ಕನಕರಾಯರು ಅವುಗಳ ನಡುವೆ ಫೂಟುಪಟ್ಟಿ ಇಟ್ಟು ಗೆರೆ ಎಳೆಯುವುದು. ಹುಣಸಿದೊಡ್ಡಿಯಿಂದ ಸಿರವಾರಕ್ಕೆ ಆಗ್ನೇಯ ದಿಕ್ಕಿಗೆ ಬಾಣದಂತೆ ನೇರವಾದ ಗೆರೆ ಸಿದ್ಧವಾಯಿತು. "ಈ ನಕ್ಷಾ ಬರದಾಂವ ಗುಡ್ಡ ಹತ್ತ್ಯಾನೋ ಇಲ್ಲೋ ಮಾಸ್ತರ್ ಸಾಬ್," ವಹೀದರು ಕನ್ನಡಕ ಏರಿಸಿದರು, "ಚಾ ಕುಡಕೋತ ಬರದಂಗ ಕಾಣ್ತದ." ಮಾಸ್ತರರು ಕಿವಿಗೆ ಹಾಕಿಕೊಳ್ಳಲಿಲ್ಲ. ಇಪ್ಪತ್ತೆರಡು ಅಂಶಗಳು, ಮೂರು ಕಾರ್ಬನ್ ಪ್ರತಿಗಳು, ಚಪ್ಪಲಿಯ ಉಂಗುಷ್ಟ ಕಿತ್ತರೆ ಅನುಸರಿಸಬೇಕಾದ ಕ್ರಮಕ್ಕೆ ಪ್ರತ್ಯೇಕ ಅನುಬಂಧ. ಪ್ರತಿ ತಿದ್ದಲೆಂದು ಎರಡು ಸಲ ದಿನ ಮುಂದಕ್ಕೆ ಹೋಯಿತು. "ನಿಮ್ಮ ಪ್ಲಾನು ನಡಕೋತ ಸಿರವಾರ ಮುಟ್ಟಿ, ಮಿರ್ಚಿ ತಿಂದು ವಾಪಸ್ ಬಂದದ," ಎಂದರು ವಹೀದರು. "ನಾವಷ್ಟ ಇಲ್ಲೇ ಉಳದೀವಿ."

ಯೋಜನೆಗೆ ಸ್ಥಳೀಯ ಮಾಹಿತಿ ಇರಲಿ ಎಂದು ಅವರು ಹುಣಸಿದೊಡ್ಡಿಗೆ ಹೋಗಿ ಸೋದರತ್ತೆ ಬಂಡೆಮ್ಮನನ್ನು ವಿಚಾರಿಸಿದರು. ಅಣ್ಣನ ಕುರಿಗಳನ್ನು ಈಗ ಕಾಯುತ್ತಿದ್ದವಳು ಅವಳೇ. ಪೆನ್ಸಿಲ್ ಚೂಪು ಮಾಡಿ ಕೇಳಿದರು: "ಅತ್ತಿ, ಗುಡ್ಡದ ಹಾದಿ ಎಷ್ಟು ಮೈಲಿ?"

"ಮೈಲಿ ನನಗೇನು ಗೊತ್ತೋ ಯಪ್ಪಾ. ಮೂರು ನೀರು."

"ಮೂರು ನೀರಂದ್ರ?"

"ಕುರಿ ಒಮ್ಮಿ ನೀರು ಕುಡದು, ಮತ್ತ ನೀರು ಬೇಕನ್ನೂತನ ನಡದದ್ದು ಒಂದು ನೀರು. ನಿಮ್ಮಪ್ಪ ಮೂರು ನೀರಿಗೆ ಸಂತಿ ಮುಟ್ಟಸ್ತಿದ್ದ. ನಾ ಮೊದಲನೇ ನೀರು ದಾಟಿದಾಕಿ ಅಲ್ಲ. ಆದ್ರ ಒಂದು ಹೇಳ್ತಿದ್ದ, ಬಿಸಿಲು ಯಾವಾಗ್ಲೂ ಕುರಿ ಬೆನ್ನಿಗಿರಬೇಕು ಅಂತ. ಮುಖಕ್ಕ ಬಿಸಿಲು ಬಿತ್ತಂದ್ರ ತಲಿ ತಗ್ಗಿಸಿ ನಿಂತುಬಿಡ್ತಾವ, ಬಡದ್ರೂ ಹೆಜ್ಜಿ ಇಡಂಗಿಲ್ಲ. ಅಲ್ಲಿತನ ನಾ ಬರ್ಲೇನು?"

"ಬ್ಯಾಡತ್ತಿ. ನಕ್ಷಾ ಅದ."

ಒಂದು ನೀರು ಎಂದರೆ ಆರು ಮೈಲಿ ಎಂದು ಅವರು ಅಂದಾಜಿನ ಮೇಲೆ ನಮೂದಿಸಿದರು. ಬಿಸಿಲಿನ ಮಾತನ್ನು ಮೊದಲು ಬರೆದುಕೊಂಡು, ಶುದ್ಧಪ್ರತಿ ಮಾಡುವಾಗ ಹೊಡೆದುಹಾಕಿ, ಪಕ್ಕದಲ್ಲಿ ಕಾರಣ ಕೊಟ್ಟರು: "ಕುರಿಗಳಿಗೆ ಸಂಬಂಧಿಸಿದ್ದು. ಮನುಷ್ಯರಿಗೆ ಅನ್ವಯಿಸುವುದಿಲ್ಲ."

ಸಂತೆಯ ದಿನ ನಸುಕಿನಲ್ಲಿ ಮೂವರೂ ದೊಡ್ಡಿಯಿಂದ ಹೊರಟರು. ಸುಂಕಪ್ಪ ಸಾಕ್ಷಿಯಾಗಿ ಬಂದಿದ್ದ, ವಹೀದರು ನಕ್ಷೆಯ ಜವಾಬ್ದಾರಿಯಿಂದ. ಸೀಟಿ ಊದಿದಾಗ ದೊಡ್ಡಿಯ ನಾಯಿಗಳಷ್ಟೇ ಪ್ರತಿಕ್ರಿಯಿಸಿದವು. ಗೆರೆ ಹೇಳಿದಂತೆ ಗುಡ್ಡ ಹತ್ತಿದರು. ಗೆರೆ ಹೇಳದ ಜಾಲಿ, ಕಾರೆ, ಕಳ್ಳಿಗಳು ಒಂದೊಂದಾಗಿ ಎದುರಾದವು. ಹದಿನಾಲ್ಕನೆಯ ಅಂಶದ ಒಂಟಿ ಬನ್ನಿಮರವನ್ನು ಯಾರೋ ಎಂದೋ ಕಡಿದು ಒಲೆಗಿಟ್ಟಿದ್ದರು. ನಕ್ಷೆಯ ಬಾವಿಯಲ್ಲಿ ಕಲ್ಲು ತುಂಬಿತ್ತು. ಬಿಸಿಲು ಎದುರಿನಿಂದ ಕಣ್ಣಿಗೇ ಹೊಡೆಯುತ್ತಿತ್ತು. ಹತ್ತೂವರೆಯ ಹೊತ್ತಿಗೆ ನೀರಿನ ಬಾಟಲಿಗಳು ಹಗುರಾಗಿ, ಗೆರೆಯು ಅವರನ್ನು ತಂದು ಒಂದು ಕೊರಕಲಿನ ಅಂಚಿಗೆ ನಿಲ್ಲಿಸಿತು. ಕೆಳಗೆ ಇಪ್ಪತ್ತು ಆಳೆತ್ತರದ ಕಡಿದಾದ ಬಂಡೆ. ಇಳಿಯಲು ಹದ್ದಿಗೆ ಮಾತ್ರ ಅನುಕೂಲ.

"ನಕ್ಷಾದಾಗ ಇಲ್ಲಿ ಏನೂ ಇಲ್ಲ," ಎಂದರು ವಹೀದರು, ತಪ್ಪಿತಸ್ಥರಂತೆ.

ಕನಕರಾಯರು ಕಲ್ಲಿನ ಮೇಲೆ ಕುಸಿದು ಕೂತರು. ಸುಂಕಪ್ಪ ಹತ್ತಿರ ಬಂದು, ಗೇಲಿ ಇಲ್ಲದ ದನಿಯಲ್ಲಿ ಅಂದ: "ಬಿಡ್ರಿ ಮಾಸ್ತರ್. ನಾ ಆ ಮಾತು ಆಡಬಾರದಾಗಿತ್ತು. ತಿರುಗಿ ಹೋಗೂಣು. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ."

ಅಂದು ನಕ್ಕಿದ್ದಕ್ಕಿಂತ ಈ ಕನಿಕರ ಹೆಚ್ಚು ಚುಚ್ಚಿತು. ಸುಮ್ಮನಿರುತ್ತೇನೆ ಎಂದರೆ ಅಪ್ಪನ ಸುಳ್ಳನ್ನು ಮೂವರು ಸೇರಿ ಮುಚ್ಚಿಟ್ಟಂತೆ. ಮಾಸ್ತರರು ಕನ್ನಡಕ ತೆಗೆದರು. ನಾಲ್ಕು ತಾಸು ಸೂರ್ಯನನ್ನೇ ನೋಡುತ್ತ ನಡೆದ ಕಣ್ಣುಗಳಿಂದ ನೀರು ಸುರಿಯುತ್ತಿತ್ತು, ಕತ್ತು ತಾನಾಗಿ ತಗ್ಗಿತ್ತು, ಕಾಲು ಮುಂದಕ್ಕೆ ಒಲ್ಲೆ ಎನ್ನುತ್ತಿತ್ತು. ಹಾಗೇ ತಲೆ ತಗ್ಗಿಸಿ ಕೂತವರಿಗೆ ತಮ್ಮ ಭಂಗಿ ಎಲ್ಲೋ ಕಂಡದ್ದೆನ್ನಿಸಿತು. ಈ ದಿಕ್ಕಿಗೆ ಅಪ್ಪನ ಒಂದು ಕುರಿಯೂ ಹತ್ತು ಹೆಜ್ಜೆ ಬರುತ್ತಿರಲಿಲ್ಲ. ಹಾದಿ ಮಾಡಿದವನು ಅಪ್ಪನಲ್ಲ. ಅವನು ಕುರಿಗಳ ಹಿಂದೆ ನಡೆದವನು. ಮುಂಜಾನೆ ಬೆನ್ನಿಗೆ ಬಿಸಿಲೆಂದರೆ ಗುಡ್ಡದ ಪಡುವಣ ಮಗ್ಗುಲು. ಮಧ್ಯಾಹ್ನ ತಿರುಗಿದ ಮೇಲೆ ಬೆನ್ನಿಗೆ ಬಿಸಿಲೆಂದರೆ ಮೂಡಣಕ್ಕೆ. ಸಿರವಾರದ ಹಾದಿ ಬಾಣವಲ್ಲ, ಬಿಲ್ಲು.

ಅವರು ಎದ್ದು ನಿಂತು ಸೂರ್ಯನಿಗೆ ಬೆನ್ನು ಮಾಡಿದರು. "ಪಾಯಿಂಟ್ ನಂಬರ್ ಇಪ್ಪತ್ಮೂರು. ಇನ್ನು ಮುಂದ ನಾವು ಕುರಿ."

"ಅದನ್ನ ಹೆಡ್‌ಮಾಸ್ತರ್ ಹತ್ತು ವರ್ಷದಿಂದ ಹೇಳಾಕತ್ತಾರ," ಎಂದರು ವಹೀದರು.

ಪಡುವಣಕ್ಕೆ ಅರ್ಧ ತಾಸು ಇಳಿದದ್ದೇ ನೆಲದ ಸ್ವಭಾವ ಬದಲಾಯಿತು. ಕಳ್ಳಿಗಳ ನಡುವೆ ಎರಡು ಕುರಿ ಜೊತೆಯಾಗಿ ಹಾಯುವಷ್ಟು ಸಂದು. ಅದು ಮುಗಿಯಿತೆನ್ನುವಲ್ಲಿ ಇನ್ನೊಂದು. ಬಂಡೆಯ ಪೊಟರೆಯೊಂದರಲ್ಲಿ ಮಳೆಯ ನೀರು ತಿಳಿಯಾಗಿ ನಿಂತಿತ್ತು. ಕುಡಿದು, ರೊಟ್ಟಿ ತಿಂದು, ಹೊತ್ತು ತಿರುಗುವ ತನಕ ನೆರಳಲ್ಲಿ ಮಲಗಿದರು. ಎದ್ದು ಮೂಡಣಕ್ಕೆ ಹೊರಟಾಗ ಬಿಸಿಲು ಮತ್ತೆ ಬೆನ್ನಿಗಿತ್ತು, ಹಿಂದಿನಿಂದ ಯಾರೋ ಕೈಯಿಟ್ಟು ನಡೆಸಿದಂತೆ. ಗುಡ್ಡದ ಕಣಿವೆಬಾಯಿಗೆ ಬಂದಾಗ ಮುಂದಿದ್ದ ಸುಂಕಪ್ಪ ತಟ್ಟನೆ ನಿಂತ. ಇಕ್ಕೆಲದ ಒರಟು ಬಂಡೆಗಳು ಮೊಣಕಾಲೆತ್ತರದಲ್ಲಿ ಮಾತ್ರ, ಉದ್ದಕ್ಕೂ ಒಂದು ಪಟ್ಟಿಯಂತೆ, ಎಣ್ಣೆ ತಿಕ್ಕಿದ ಹಾಗೆ ನುಣ್ಣಗಿದ್ದವು. ಅವನು ಕೈಯಾಡಿಸಿದ. ಅಲ್ಲಿ ಉಣ್ಣೆಯ ಮೈಗಳು ಸಾಲುಸಾಲಾಗಿ ಉಜ್ಜಿಕೊಂಡು ಹೋಗಿದ್ದವು, ಒಂದೆರಡು ವರ್ಷವಲ್ಲ, ತಲೆಮಾರುಗಳ ಕಾಲ.

"ಇದು ಮಳಿ ಮಾಡಿದ ಕೆಲಸ ಅಲ್ಲ, ಮಾಸ್ತರ್," ಎಂದ ಸುಂಕಪ್ಪ. ಆ ಮೇಲೆ ಕೈಯನ್ನು ಕಣ್ಣಿಗೊತ್ತಿಕೊಂಡ.

ಕನಕರಾಯರು ಬಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಆ ನುಣುಪಿನ ಮೇಲೆ ಅಂಗೈಯಿಟ್ಟರು. ಹೆಜ್ಜೆಯ ಎಣಿಕೆ ಎಲ್ಲಿಗೆ ನಿಂತಿತ್ತೆಂದು ಅವರಿಗೆ ನೆನಪಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೆಳಗೆ ಸಿರವಾರದ ಗದ್ದೆಗಳು ಹಸಿರಾಗಿ ಹಾಸಿದ್ದವು.

ಹೊತ್ತು ಇನ್ನೂ ಒಂದು ಮಾರು ಮೇಲಿರುವಾಗ, ಬಟ್ಟೆಯ ತುಂಬ ಮುಳ್ಳು ಹೊತ್ತ ಮೂವರು ಸಂತೆಯನ್ನು ಪ್ರವೇಶಿಸಿದರು. ಮಾಸ್ತರರು ಎದೆ ಸೆಟೆಸಿ ದೀರ್ಘವಾಗಿ ಸೀಟಿ ಊದಿದರು. ಉಳ್ಳಾಗಡ್ಡಿ ಮಾರುತ್ತಿದ್ದ ಮುದುಕಿಯೊಬ್ಬಳು ಖಾಕಿ ಕೋಟನ್ನು ನೋಡಿ, "ಯಪ್ಪಾ, ಮಾನ್ವಿ ಬಸ್ ಎಷ್ಟೊತ್ತಿಗೆ ಬಿಡ್ತೀರಿ?" ಎಂದಳು.

"ಪಾಯಿಂಟ್ ನಂಬರ್ ಒಂದು, ನಾ ಕಂಡಕ್ಟರ್ ಅಲ್ಲ. ಪಾಯಿಂಟ್ ನಂಬರ್ ಎರಡು, ಆರೂವರಿಗೆ ಅದ. ಪಾಯಿಂಟ್ ನಂಬರ್ ಮೂರು," ಅವರು ಸೀಟಿಯನ್ನು ಕಿಸೆಗೆ ಇಳಿಬಿಟ್ಟರು, "ನಾವು ಗುಡ್ಡದ ಮ್ಯಾಲಿಂದ ಬಂದೀವಿ."

"ಹಂಗಾರ ದಣದೀರಿ, ಕುಂಡ್ರಿ," ಎಂದು ಮುದುಕಿ ಗೋಣಿಚೀಲ ಸರಿಸಿದಳು.

ರಜೆ ಮುಗಿದ ದಿನ, ಯಾರೂ ಕೇಳದಿದ್ದರೂ ಸುಂಕಪ್ಪ ಶಿಕ್ಷಕರ ಕೋಣೆಯ ಮೇಜಿನ ಮುಂದೆ ನಿಂತು, "ಮಾಳಿಂಗಪ್ಪಜ್ಜ ಖರೇ ಹೇಳಿದ್ದ. ಆ ಗುಡ್ಡದ ಬುಡಕ ಬೆಳದ ನಾನ ಸುಳ್ಳ ಹೇಳಿದ್ದೆ" ಎಂದ. ಕೋಣೆ ಚಪ್ಪಾಳೆ ತಟ್ಟಿತು. ಕನಕರಾಯರು ಎದ್ದು, ಕಣ್ಣೊರೆಸಿಕೊಂಡು, ನಾಲ್ಕು ಪುಟದ ವರದಿ ಓದಿದರು. ಕೊರಕಲಿನ ಪ್ರಸಂಗವು ಅದರಲ್ಲಿ ಹೀಗಿತ್ತು: "ಬೆಳಿಗ್ಗೆ ಹತ್ತೂವರೆಗೆ, ಇದು ದಾರಿಯಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಲಾಯಿತು." ಆಮೇಲೆ ಎಂಬತ್ತೈದರಲ್ಲಿ ಅವರಿಗೆ ವರ್ಗವಾಗುವ ತನಕ ಪ್ರತಿ ದಸರೆಗೂ ಆ ನಡಿಗೆ ನಡೆಯಿತು, ಪ್ರತಿ ಸಲವೂ ಹೊಸ ಯೋಜನೆ, ಪ್ರತಿ ಸಲವೂ ಒಂದಿಲ್ಲೊಂದು ಅಂಶ ತಪ್ಪು.

ಇಂಥ ಜನರನ್ನು ಕಂಡು ನಾವು ಬೀಡಾ ಹಾಕಿಕೊಂಡು ನಗುತ್ತೇವೆ, ನಗತಕ್ಕದ್ದೇ. ಅವರ ನಕ್ಷೆ ಹಳೆಯದು, ಅಂದಾಜು ಸುಳ್ಳು, ಗತ್ತು ಅವರ ಮೈಗಿಂತ ಎರಡು ಅಳತೆ ದೊಡ್ಡದು. ಆದರೆ ಯೋಚಿಸಿದರೆ, ಹಾದಿ ಸರಿಯಾಗಿ ಬಲ್ಲವರು ಎಷ್ಟೋ ಮಂದಿ ತಂತಮ್ಮ ಕಟ್ಟೆಗಳ ಮೇಲೆಯೇ ಕೂತು ಮುಪ್ಪಾಗುತ್ತಾರೆ. ಹಾದಿಯನ್ನು ತಪ್ಪಾಗಿ ಬರೆದುಕೊಂಡು, ಆ ತಪ್ಪನ್ನೇ ಗಟ್ಟಿಯಾಗಿ ನಂಬಿ, ಸೀಟಿ ಊದಿ ಎಬ್ಬಿಸುವವರು ಮಾತ್ರ ನಮ್ಮಂಥ ಮೈಗಳ್ಳರನ್ನು ಮನೆಯಿಂದ ಹೊರಡಿಸುತ್ತಾರೆ. ಒಮ್ಮೆ ಹೊರಬಿದ್ದ ಮೇಲೆ ಗುಡ್ಡ ತಾನೇ ತಿದ್ದುತ್ತದೆ. ತಿದ್ದಿಸಿಕೊಳ್ಳುವಷ್ಟು ಬಾಗುವ ಗುಣ ಆ ಗತ್ತಿನೊಳಗೇ ಎಲ್ಲೋ ಇರುತ್ತದೆಂಬುದು ನಮಗೆ ತಿಳಿಯುವುದು, ಅವರ ಹಿಂದೆ ಅರ್ಧ ಹಾದಿಯಾದರೂ ನಡೆದ ಮೇಲೆ.