ಹಗ್ಗ ಬಿಟ್ಟವರ ಪಟ್ಟಿ

ನನ್ನ ಗಂಡ ಶೈಲೇಶ್ ಹೋದ ವರ್ಷ ಕೋಟದಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಈಗ ನಡೆಯುತ್ತಾರೆ, ನಗುತ್ತಾರೆ. ಮೀನಿನ ಬಲೆಯ ಹಗ್ಗ ಎಳೆಯಲು ಡಾಕ್ಟರೂ ಒಪ್ಪಿದ್ದಾರೆ. ಮಾತು ಒಂದೊಂದಾಗಿ ಬಂದರೆ ಎಲ್ಲವೂ ತಿಳಿಯುತ್ತದೆ. ಒಟ್ಟಿಗೆ ಬಂದರೆ ತಲೆ ಸಿಡಿಯುತ್ತದೆ.

ಆದರೆ ದಡದಲ್ಲಿ ನಿಂತು ಎಲ್ಲರೂ ಸೇರಿ ಎಳೆಯುವ ಬೀಜಾಡಿಯ ಕೈರಂಪಣಿ ಬಲೆಯ ವಾಟ್ಸಾಪ್ ಗ್ರೂಪಿಗೆ ಇದೆಲ್ಲ ಎಲ್ಲಿ ಗೊತ್ತು! ಬೆಳಗಾದರೆ ಹೂವು, ದೇವರು, ಕುಣಿಯುವ ವಿಡಿಯೊ. ಅದರ ನಡುವೆ ಎಲ್ಲೋ ಒಂದು ಕಡೆ, ದಡಕ್ಕೆ ಮೀನು ಬಂದಿದೆ ಎಂಬ ಸುದ್ದಿ. ಬಲೆ ಮೇಲೆ ಬರುವ ಮೊದಲು ಹಗ್ಗಕ್ಕೆ ಕೈ ಹಾಕಿದವರಿಗೆ ಮಾತ್ರ ಪಾಲು. ಇವರಿಗೆ ಎರಡು ಸಲ ತಪ್ಪಿತು. ಪರದೆ ನೋಡಿ ನೋಡಿ ವಾಂತಿಯೂ ಆಯಿತು.

ನನಗೋ ಮೂಗಿನ ತುದಿಯಲ್ಲೇ ಕೋಪ. ಶನಿವಾರ ಅವರ ಫೋನಿನಿಂದಲೇ ಗ್ರೂಪ್ ಬಿಟ್ಟೆ. ಗ್ರೂಪ್ ಬಿಟ್ಟವರನ್ನು ಹಗ್ಗ ಬಿಟ್ಟವರ ಪಟ್ಟಿಗೆ ಸೇರಿಸುತ್ತಾರೆಂದು ಆಗ ಹೊಳೆಯಲಿಲ್ಲ.

ಸಂಜೆ ಪಕ್ಕದ ಮನೆಯ ಜಲಜಕ್ಕ ಬೇಲಿಯಾಚೆಯಿಂದ ಕೇಳಿದರು. "ಶೈಲೇಶ ಹಗ್ಗ ಬಿಟ್ಟನಂಬ್ರಲೆ? ಅವ್ನ ಜಾಗಕ್ಕೆ ರತನ್ ಬತ್ತ ಅಂಬ್ರ್."

ಇವರು ಅಂಗೈ ಉಜ್ಜುತ್ತಾ ಕುಳಿತರು. "ನಾನ್ ಸತ್ತಿಲ್ಲೆ ಮಾರಾಯ್ತಿ," ಎಂದರು.

ಬಲೆಯ ಯಜಮಾನ ಬಚ್ಚಣ್ಣನಿಗೆ ಎರಡು ನಿಮಿಷದ ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡಿದೆ. ಬೈಗುಳ, ಅಳು, ನ್ಯಾಯ ಎಲ್ಲವೂ ಅದರಲ್ಲಿತ್ತು. ಕಳಿಸುವ ಮೊದಲು ಇವರಿಗೆ ಕೇಳಿಸಿದೆ. ಅರ್ಧ ನಿಮಿಷಕ್ಕೇ ಕಿವಿ ಮುಚ್ಚಿಕೊಂಡರು.

"ನಿನ್ ಮಾತೂ ಗ್ರೂಪಿನ್ ಹಂಗೇ ಇತ್ತಲೆ!"

ನಾಚಿಕೆಯಾಯಿತು. ಅಳಿಸಿದೆ. "ಹಂಗಾರೆ ಎಂತ ಬರೆಯೂದ್, ಹೇಳಿ?"

ಅವರು ಯೋಚಿಸಿದರು. ನಾನು ತುಟಿ ಕಚ್ಚಿ, ಸೆರಗಿನ ತುದಿ ತಿರುಚಿ, ಕಾದೆ. ಕಾಯುವುದು ನನ್ನ ಜಾಯಮಾನವೇ ಅಲ್ಲ.

"ಹಗ್ಗ ಬಿಡ್ಲಿಲ್ಲೆ. ನಂಗೊಬ್ಬಂಗೆ ಬರೀ 'ಮೀನ್' ಅಂದ್ ಹಾಕಿ. ಬತ್ತೆ."

ಅಷ್ಟನ್ನೇ ಇವರ ಫೋನಿನಿಂದ ಬಚ್ಚಣ್ಣನಿಗೆ ಕಳಿಸಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಭಾನುವಾರವಿಡೀ ಒಲೆಗೂ ಫೋನಿಗೂ ಓಡಾಡಿದೆ. ಸಾರು ಎರಡು ಸಲ ಉಕ್ಕಿತು.

ಸೋಮವಾರ ಹತ್ತು ಗಂಟೆಗೆ ಫೋನು ಒಂದೇ ಸಲ ಟಿಂಗ್ ಎಂದಿತು.

"ಮೀನ್," ಎಂದು ಇವರು ಗಟ್ಟಿಯಾಗಿ ಓದಿ ಎದ್ದರು. ಟೊಪ್ಪಿ, ನೀರು, ಬಿಸಿಲು ಎಂದು ನಾನು ಹೇಳುತ್ತಲೇ ಇದ್ದೆ, ಅವರು ಬೇಲಿಯ ದಣಪೆ ದಾಟಿಯಾಗಿತ್ತು. ಹಿಂದೆಯೇ ದಡಕ್ಕೆ ಓಡಿದೆ.

ಬಲೆ ಇನ್ನೂ ನೀರಿನಲ್ಲಿತ್ತು. ರತನ್ ಒಂದು ಹೆಜ್ಜೆ ಹಿಂದೆ ಸರಿದ. ಇವರು ತಮ್ಮ ಹಳೆಯ ಜಾಗದಲ್ಲಿ ನಿಂತು ಎರಡೂ ಕೈಯಲ್ಲಿ ಹಗ್ಗ ಹಿಡಿದರು. "ನಿಧಾನ" ಎಂದು ಕೂಗಲು ಬಾಯಿ ತೆರೆದವಳು, ಮುಚ್ಚಿಕೊಂಡು, ಅವರ ಹಿಂದೆ ಹೋಗಿ ನಾನೂ ಹಗ್ಗಕ್ಕೆ ಕೈ ಹಾಕಿದೆ.