ಹೆಸ್ಟರಳ ಮೂರನೇ ಪಾದ

ನಾನು ಒಂದು ಮರದ ಪಾದ. ಬೂಟು ಹೊಲಿಯುವವರು ಚರ್ಮವನ್ನು ಎಳೆದು ಕೂರಿಸುವುದು ನನ್ನಂಥವರ ಮೈಮೇಲೆ. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನಲ್ಲಿ ಟೋಬಿಯಾಸ್ ತಾನು ಮದುವೆಯಾಗಲಿದ್ದ ಹೆಸ್ಟರಳ ಕಾಲಿನ ಅಳತೆಗೆ ನನ್ನನ್ನು ಕೆತ್ತಿದ. ಆಗೆಲ್ಲ ಎಡಕ್ಕೂ ಬಲಕ್ಕೂ ಒಂದೇ ಅಚ್ಚು. ಅವಳ ಎರಡು ಕಾಲಿಗೂ ನಾನೊಬ್ಬನೇ ಸಾಕೆಂಬ ಜಂಬ ನನಗಿತ್ತು.

ಮದುವೆಯ ದಿನ ಹೆಸ್ಟರ್ ಮೆಟ್ಟಿದ್ದ, ಟೋಬಿಯಾಸ್ ಹೊಲಿದ ಬೂಟುಗಳನ್ನು ಊರೇ ಮೆಚ್ಚಿತು. ಮತ್ತೊಂದು ಜೊತೆ ಮಾಡಿಕೊಡುವ ಹುಚ್ಚಿನಲ್ಲಿ ಅವನು ಯಜಮಾನನ ಅಂಗಡಿಯಿಂದ ಕೆಂಪು ಚರ್ಮ ಕದ್ದ. ಕತ್ತರಿ ಹಾಕುವ ಮೊದಲೇ ಸಿಕ್ಕಿಬಿದ್ದ. ಏಳು ವರ್ಷ ಗಡೀಪಾರು ಎಂದು ಅವನನ್ನು ಸಿಡ್ನಿಯ ಹಡಗು ಹತ್ತಿಸಿದರು. ಹೆಸ್ಟರ್ ಅತ್ತಳು, ಮನಸಾರೆ ಬೈದಳು, ಆಮೇಲೆ ಹಡಗಿನಲ್ಲಿ ಯಾರದೋ ಮಗು ನೋಡಿಕೊಳ್ಳುವ ಕೆಲಸ ಹಿಡಿದು ತಾನೂ ಹೊರಟಳು. ನಾನು ಅವಳ ಚೀಲದಲ್ಲಿದ್ದೆ.

ಸಿಡ್ನಿಯಲ್ಲಿ ಕೈದಿಗಳನ್ನು ಕೇಳಿದವರ ಮನೆಗೆ ಆಳಾಗಿ ಕೊಡುತ್ತಿದ್ದರು. ಟೋಬಿಯಾಸನನ್ನು ಬೆಟ್ಟದಾಚೆಯ ದೂರದ ಕುರಿಹಟ್ಟಿಗೆ ಕಳಿಸುವುದರಲ್ಲಿದ್ದರು. ಹೋದರೆ ಮತ್ತೆ ಸಿಗುವ ಭರವಸೆಯಿಲ್ಲ. ಹೆಸ್ಟರ್ ನೇರ ಕಚೇರಿಗೆ ನುಗ್ಗಿದಳು.

"ನಂಗೊಬ್ಬ ಆಳು ಬೇಕು ಸ್ವಾಮಿ. ಟೋಬಿಯಾಸೇ ಬೇಕು."

"ಅವನೇ ಯಾಕಮ್ಮ?" ಎಂದ ಅಧಿಕಾರಿ.

"ನನ್ನ ಗಂಡ. ಅವನ ಹತ್ರ ಕೆಲಸ ತೆಗೆಯೋದು ನಂಗೊಬ್ಬಳಿಗೇ ಗೊತ್ತು."

ಅಧಿಕಾರಿ ನಗು ತಡೆದುಕೊಂಡು ಒಪ್ಪಿದ.

ಟೋಬಿಯಾಸನನ್ನು ಕರೆತಂದರು. ಬಲು ಗಟ್ಟಿ ಯಜಮಾನಿ ಸಿಕ್ಕಿದ್ದಾಳೆ ಎಂದಷ್ಟೇ ಅವನಿಗೆ ಹೇಳಿದ್ದರು. ಪಾಪ, ಹೆದರಿ ತಲೆ ಬಗ್ಗಿಸಿ ನಿಂತ. ಎದುರಿಗಿದ್ದ ಬೂಟುಗಳ ಮೇಲೆ ಕಣ್ಣು ಬಿತ್ತು. ಹೊಲಿಗೆ ತನ್ನದೇ.

"ಹಿಮ್ಮಡಿ ಸವೆದುಹೋಗಿದೆ ಅಮ್ಮಾವ್ರೇ," ಎಂದ. "ಬಹಳ ದೂರದಿಂದ ಬಂದಿದ್ದೀರಿ."

"ಮನೆಗೆ ನಡಿ. ಅಲ್ಲಿ ಬೈತೀನಿ," ಎಂದಳು ಹೆಸ್ಟರ್. ಚೀಲದೊಳಗೆ ನನಗೆ ಕುಣಿಯುವಷ್ಟು ಖುಷಿ.

ಅಂದಿನಿಂದ ಹೆಂಡತಿಯೇ ಯಜಮಾನಿ, ಗಂಡನೇ ಆಳು. ಅವನು ಸ್ವಲ್ಪ ಸೋಮಾರಿತನ ತೋರಿದರೆ ಸರ್ಕಾರಕ್ಕೆ ಹೇಳ್ತೀನಿ ಎಂದು ಗದರಿಸುವಳು. ಬೀದಿಯವರಿಗೆಲ್ಲ ಅದೊಂದು ತಮಾಷೆ. ಶಿಕ್ಷೆ ಮುಗಿದ ದಿನ ಅವನು ಒಳ್ಳೆಯ ಕೋಟು ತೊಟ್ಟು ಬಾಗಿಲಲ್ಲಿ ನಿಂತ.

"ಇನ್ನು ನಾನು ಯಾರ ಆಳೂ ಅಲ್ಲ."

"ಹಾಗಾದ್ರೆ ಎಲ್ಲಿಗೆ ಹೋಗ್ತೀಯ?" ಹೆಸ್ಟರ್ ಹಿಟ್ಟು ನಾದುತ್ತಲೇ ಕೇಳಿದಳು.

ಅವನು ಬೀದಿಯ ಆ ಕಡೆ ಈ ಕಡೆ ನೋಡಿದ. ಟೋಪಿ ತೆಗೆದ. "ಇಲ್ಲಿ ಆಳು ಬೇಕಾಗಿದೆಯಾ ಅಮ್ಮಾವ್ರೇ?"

ಈಗ ಮೂವರಿಗೂ ವಯಸ್ಸಾಗಿದೆ. ಹೆಸ್ಟರಳ ಕಾಲು ಊದಿಕೊಂಡಂತೆಲ್ಲ ಟೋಬಿಯಾಸ್ ನನ್ನ ಮೈಗೆ ಚರ್ಮದ ತುಂಡು ಬಡಿದು ದಪ್ಪ ಮಾಡುತ್ತಾನೆ. ಕಿಟಕಿಯ ಮೂಲೆಯಲ್ಲಿ ಆರಾಮವಾಗಿದ್ದೇನೆ. ಅಳತೆಯೆಲ್ಲ ನನ್ನಲ್ಲೇ ಇದ್ದರೂ ಅವನು ಪ್ರತಿಸಲ ಅವಳೆದುರು ಮಂಡಿಯೂರಿ ಆ ಕಾಲನ್ನೇ ಕೈಗೆತ್ತಿಕೊಳ್ಳುತ್ತಾನೆ, ಬೇಗ ಬಿಡುವುದೂ ಇಲ್ಲ. ನನಗೇನೂ ಬೇಸರವಿಲ್ಲ.