ಚಂದ್ರಿಕೆಗಿಂತ ಮುಂಚೆ ಒಂದು ಮಂಚ

ಅಜ್ಜಿ ಕರೆದದ್ದು ಚೈತ್ರಳಿಗೆ ಕೇಳಿಸಿತ್ತು. ಆದರೂ ಕಣ್ಣು ತೆರೆಯದೆ, ನಿದ್ದೆ ಹತ್ತಿದವಳ ಹಾಗೆ ಮಲಗೇ ಇದ್ದಳು. ಅದು ಮೊನ್ನೆಯ ಮಾತು. ‘ನನ್ನಂಥ ಕೆಟ್ಟ ಮೊಮ್ಮಗಳು ಈ ಜಂಗಮಕೋಟೆಯಲ್ಲೇ ಇರಲಿಕ್ಕಿಲ್ಲ’ ಎಂದು ಇವತ್ತು ಅಜ್ಜಿಯ ತಲೆ ಬಾಚುತ್ತಾ ತನ್ನೊಳಗೇ ಹೇಳಿಕೊಂಡಳು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಬಿ.ಎ. ಮುಗಿಸಿದ್ದರೂ ನಾಲ್ಕು ಜನರೆದುರು ‘ಹೂಂ’, ‘ಇಲ್ಲ’ಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ.

ಅಜ್ಜಿ ಆದಿಲಕ್ಷ್ಮಮ್ಮನಿಗೆ ಮರೆವಿನ ಕಾಯಿಲೆ. ಹಗಲು ತೂಕಡಿಕೆ, ರಾತ್ರಿಯೆಲ್ಲಾ ಓಡಾಟ. ಅಪ್ಪ ಅಮ್ಮ ರೇಷ್ಮೆಹುಳು ಸಾಕುವ ಮನೆಯಲ್ಲೇ ಇರುವುದರಿಂದ, ಅಜ್ಜಿಯ ಹಿಂದೆ ಸುತ್ತುವ ಕೆಲಸ ಚೈತ್ರಳದು.

ಮೊನ್ನೆ ಬೆಳಿಗ್ಗೆ ಅಪ್ಪ ಅಮ್ಮ ತೋಟಕ್ಕೆ ಹೋಗಿದ್ದಾಗ, ಚೈತ್ರಳನ್ನು ಕರೆದು ಕರೆದು ಬೇಜಾರಾಗಿ ಅಜ್ಜಿ ತಾನೇ ಹುಳುಮನೆಗೆ ಹೋಗಿದ್ದಳು. “ಪಾಪ, ಹಸ್ಕೊಂಡಿದಾವೆ” ಎಂದು, ಹೊಗೆಸೊಪ್ಪು ತಿಕ್ಕಿದ ಕೈಯಲ್ಲೇ ಒಂದು ತಟ್ಟೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿಬಿಟ್ಟಳು. ಹೊಗೆಸೊಪ್ಪು ರೇಷ್ಮೆಹುಳುವಿಗೆ ವಿಷ. ಸಂಜೆಯ ಹೊತ್ತಿಗೆ ಆ ತಟ್ಟೆಯ ಹುಳುಗಳೆಲ್ಲ ಹಸಿರು ನೀರು ಕಕ್ಕಿ ಸತ್ತುಬಿದ್ದವು.

ತಲೆ ಬಾಚುತ್ತಿರುವಾಗಲೇ, ಸುದ್ದಿ ಕೇಳಿ ಆಶಾ ಕಾರ್ಯಕರ್ತೆ ಕವಿತ ಬಂದಳು.

“ಹುಳ ಹೋದ್ರೆ ಹೋಗ್ಲಿ ನರಸಪ್ಪಣ್ಣ, ಅಜ್ಜಿ ಬಸ್ ಓಡಾಡೋ ರೋಡಿಗೆ ಹೋಗಿದ್ರೆ ಏನ್ ಗತಿ?” ಎಂದು ಚೈತ್ರಳ ಅಪ್ಪನನ್ನು ಕೇಳಿದಳು. “ವಯಸ್ಸಾದೋರನ್ನ ಒಂದು ವಾರ, ಹತ್ತು ದಿನ ಮಟ್ಟಿಗೆ ನೋಡ್ಕೊಳ್ಳೋ ಆರೈಕೆ ಮನೆಗಳು ಇರ್ತವೆ. ಹುಳ ಹಣ್ಣಾಗಿ ಗೂಡು ಕಟ್ಟೋ ವಾರ ಅಲ್ಲಿ ಬಿಡಿ. ಗೂಡು ಬಿಡಿಸಿದ ಮೇಲೆ ಕರ್ಕೊಂಡು ಬನ್ನಿ.”

ನರಸಪ್ಪನ ಮೀಸೆ ಕುಣಿಯಿತು. “ಹೆತ್ತ ತಾಯಿನ ಆಶ್ರಮಕ್ಕೆ ಹಾಕ್ದ ಅಂತ ಅರಳಿಕಟ್ಟೇಲಿ ನನ್ನ ಮಾನ ಹರಾಜು ಹಾಕ್ತಾರೆ ಕಣಮ್ಮ!”

“ಆಶ್ರಮ ಅಲ್ಲಣ್ಣ. ಹೆರಿಗೆಗೆ ತವರಿಗೆ ಹೋಗಿ ಬರಲ್ವಾ, ಹಂಗೆ.”

“ಏಮಮ್ಮಾ, ಈ ವಯಸ್ಸಲ್ಲಿ ನಂಗೆ ಹೆರಿಗೆನಾ?” ಅಜ್ಜಿ ಕೇಳಿದಳು. ನರಸಪ್ಪನಿಗೂ ನಗು ತಡೆಯಲಾಗಲಿಲ್ಲ.

“ಸರಿ, ಜಾಗ ಇದ್ಯಾ?” ಎಂದ.

“ಅದೇ ತಾಪತ್ರಯ. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ವಿಚಾರಿಸ್ದೆ. ಚಿಂತಾಮಣಿ ಕಡೆ ಒಂದಿದೆಯಂತೆ. ಇರೋದೇ ಕೆಲವು ಮಂಚ, ಈಗ ಎಲ್ಲಾ ಭರ್ತಿ.”

“ನೋಡ್ದಾ! ಇಲ್ಲದ ಮಂಚಕ್ಕಾ ಇಷ್ಟು ಮಾತು?”

“ಅಣ್ಣ, ಚಂದ್ರಿಕೆ ಯಾವಾಗ ಹೇಳಿಡ್ತೀರ?”

ಹಣ್ಣಾದ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಯೇ ಚಂದ್ರಿಕೆ. ನರಸಪ್ಪ ಅದನ್ನು ಬಾಡಿಗೆಗೆ ತರುತ್ತಿದ್ದ. “ಹುಳ ಚಿಕ್ಕದಿರುವಾಗ್ಲೇ. ಹಣ್ಣಾದ ಮೇಲೆ ಹುಡುಕಿದ್ರೆ ಯಾವನು ಕೊಡ್ತಾನೆ?”

“ಹುಳಕ್ಕೆ ಅಷ್ಟು ಮುಂದಾಲೋಚನೆ, ಅಮ್ಮನಿಗೆ ಬೇಡ್ವಾ? ಮುಂದಿನ ಹುಳದ ಬೆಳೆಗೆ ಈಗ್ಲೇ ಮಂಚ ಹೇಳಿಡಿ. ಮೊದ್ಲು ಅಜ್ಜಿನೂ ಕರ್ಕೊಂಡು ಹೋಗಿ ನೋಡ್ಕೊಂಡು ಬನ್ನಿ. ರಾತ್ರಿ ಯಾರಿರ್ತಾರೆ, ಡಾಕ್ಟ್ರು ಯಾವಾಗ ಬರ್ತಾರೆ, ಖರ್ಚೆಷ್ಟು, ಎಲ್ಲಾ ಕೇಳಿ. ಈ ಬೆಳೆ ಮುಗಿಯೋವರ್ಗೂ ನಮ್ಮ ಮಹಿಳಾ ಸಂಘದೋರು ಮಧ್ಯಾಹ್ನ ಸರದಿ ಮೇಲೆ ಬಂದು ಅಜ್ಜಿ ಹತ್ರ ಕೂರ್ತೀವಿ.”

“ಅಲ್ಲಿ ಮುದ್ದೆ ಹಾಕ್ತಾರಾ?” ಅಜ್ಜಿಯ ವಿಚಾರಣೆ.

“ಹಾಕ್ತಾರಂತೆ ಅಜ್ಜಿ.”

“ಹೊಗೆಸೊಪ್ಪು?”

“ಅದು ಮಾತ್ರ ಇಲ್ಲ.”

“ಹಂಗಾದ್ರೆ ಒಂದೇ ವಾರ. ಮೇಲೊಂದು ದಿನ ಇರಲ್ಲ.”

ನರಸಪ್ಪ ಇನ್ನೂ ಜಗ್ಗಲಿಲ್ಲ. “ನಮ್ಮ ಚೈತ್ರ ಇಲ್ವಾ? ಅವಳಿಗೇನು ಕಷ್ಟ? ಏನಮ್ಮ, ಕಷ್ಟ ಆಗ್ತಿದ್ಯಾ?”

‘ಇಲ್ಲಪ್ಪ’ ಎಂಬ ಮಾತು ಎಂದಿನಂತೆ ನಾಲಿಗೆಯ ತುದಿಗೆ ಬಂತು. ಚೈತ್ರ ಬಾಚಣಿಗೆ ಕೆಳಗಿಟ್ಟಳು.

“ಆಗ್ತಿದೆ ಅಪ್ಪ. ಅಜ್ಜಿ ಅಂದ್ರೆ ನಂಗೆ ಪ್ರಾಣ. ಆದ್ರೆ ತುಂಬಾ ಸುಸ್ತಾಗಿದೆ. ಕರೆದಿದ್ದು ಕೇಳ್ಸಿದ್ರೂ ಏಳಕ್ಕಾಗ್ತಿಲ್ಲ.”

ನರಸಪ್ಪ ಮಗಳ ಮುಖ ನೋಡಿದ. ಕಣ್ಣ ಕೆಳಗಿನ ಕಪ್ಪು ಅವನಿಗೆ ಮೊದಲ ಸಲ ಕಂಡಿತು.

“ಕವಿತಮ್ಮ, ಆ ನಂಬರು ಇನ್ನೊಂದ್ಸಲ ಹೇಳು. ಮುಂದಿನ ಬೆಳೆಗೆ ಚಂದ್ರಿಕೆಗಿಂತ ಮುಂಚೆ ಮಂಚಕ್ಕೆ ಹೇಳಿಡ್ತೀನಿ. ಅರಳಿಕಟ್ಟೆಯೋರಿಗೆ ಬೇಜಾರಾದ್ರೆ ಅವರೇ ಬಂದು ರಾತ್ರಿಯೆಲ್ಲಾ ಎದ್ದಿರ್ಲಿ!”

ನಿಮ್ಮ ಮನೆಯಲ್ಲೂ ಆಸರೆ ಬೇಕಾದ ಹಿರಿಯರಿದ್ದಾರೆಯೇ? ಆರೈಕೆಯ ಜಾಗ ಎಲ್ಲಿದೆ ಎಂದು ಬೇಕಾಗುವ ಮೊದಲೇ ವಿಚಾರಿಸಿ. ಅವರನ್ನು ನೋಡಿಕೊಳ್ಳುವವರನ್ನು ‘ಸುಸ್ತಾಯ್ತಾ?’ ಎಂದು ಇವತ್ತೇ ಕೇಳಿ. ನೋಡಿಕೊಳ್ಳುವವರು ನೀವೇ ಆಗಿದ್ದರೆ, ಯಾರಾದರೂ ಕೇಳಲಿ ಎಂದು ಕಾಯಬೇಡಿ. ಬಾಯಿಬಿಟ್ಟು ಹೇಳಿ.